ಹತ್ತು ಲಕ್ಷದ ಮೇಲೊಂದು

ಗಣಿತದ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಕೈ ಎತ್ತಿ ಓಟು ಹಾಕುವುದಂತೆ! ಅದೂ ಸಂಖ್ಯೆಯೊಂದು ಭಾಗವಾಗುತ್ತದೋ ಇಲ್ಲವೋ ಎಂಬುದಕ್ಕೆ!

ಸ್ಪರ್ಧೆಯ ಕೊನೆಯ ಪ್ರಶ್ನೆ ಇಷ್ಟೇ: 1000001, ಹತ್ತು ಲಕ್ಷದ ಒಂದು, ಅವಿಭಾಜ್ಯವೇ? ಅಂದರೆ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ? ಟೀಚರ್ ಕರೆತಂದಿದ್ದ ಹುಡುಗಿ ಚೂಟಿ 'ಅಲ್ಲ' ಎಂದು ಬರೆದಳು. ಎದುರು ಶಾಲೆಯವರು 'ಹೌದು' ಎಂದರು. ಮೂವರು ತೀರ್ಪುಗಾರರು ಗುಸುಗುಸು ಮಾತಾಡಿಕೊಂಡರು. ಒಬ್ಬರು ಸುಮ್ಮನಿದ್ದರು, ಇಬ್ಬರು 'ಹೌದು' ಅಂತ ಕೈ ಎತ್ತಿದರು. ಚೂಟಿ ಸೋತಳು.

ಬರೀ ಸ್ಪರ್ಧೆಯಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಹಿಂದಿನ ಸಾಲಿನಲ್ಲಿ ಚೂಟಿಯ ಅಪ್ಪ ಕೂತಿದ್ದ. ಪೇಂಟ್ ಅಂಗಡಿಯವನು. ಮಗಳನ್ನು ಓದಿಸಿ ಎಂದು ಟೀಚರ್ ವರ್ಷವಿಡೀ ಅವನ ಪ್ರಾಣ ತಿಂದಿದ್ದಳು. "ಇವತ್ತು ಗೆದ್ರೆ ಗಣಿತ ಓದ್ಲಿ. ಇಲ್ದಿದ್ರೆ ಅಂಗಡಿಗೆ ಬರ್ಲಿ," ಎಂದು ಅವನು ಕಡ್ಡಿ ಮುರಿದಂತೆ ಹೇಳಿದ್ದ.

ಟೀಚರ್ ದಡದಡ ವೇದಿಕೆ ಹತ್ತಿದಳು. "ಸಾರ್, ಹೇಗೆ ನೋಡಿದ್ರಿ ಇದನ್ನ?"

"ಎಲ್ಲಾ ಭಾಗಿಸಿ ನೋಡಿದೀವಮ್ಮ," ಎಂದರು ಹಿರಿಯ ತೀರ್ಪುಗಾರರು. "ಎರಡು, ಮೂರು, ಐದು, ಏಳು... ತೊಂಬತ್ತೇಳರವರೆಗೂ. ಯಾವುದಕ್ಕೂ ಬಗ್ಗಲ್ಲ."

"ಅಲ್ಲಿಗೆ ಯಾಕೆ ನಿಲ್ಸಿದ್ರಿ? ಸಾವಿರವನ್ನ ಸಾವಿರದಿಂದ ಗುಣಿಸಿದ್ರೆ ತಾನೇ ಹತ್ತು ಲಕ್ಷ, ಸಾವಿರದವರೆಗೂ ಹೋಗ್ಬೇಕಲ್ವಾ?"

"ನೂರರೊಳಗೆ ಸಾಕು ಅನ್ಕೊಂಡ್ವಿ. ಟೈಮ್ ಬೇಡ್ವೇ?"

ಅಯ್ಯೋ ಇವರ! ತೊಂಬತ್ತೇಳರ ಮುಂದಿನ ಅವಿಭಾಜ್ಯವೇ ನೂರೊಂದು. ಇನ್ನೊಂದೇ ಒಂದು ಸಂಖ್ಯೆ ನೋಡಲು ಈ ಮಹಾಶಯರಿಗೆ ಸೋಮಾರಿತನ. ಟೀಚರ್ ಚೂಟಿಯನ್ನು ಕರೆದಳು. ಹುಡುಗಿ ಬೋರ್ಡಿನ ಮೇಲೆ 9901 ಬರೆದು 101ರಿಂದ ಗುಣಿಸಿದಳು. 990100ಕ್ಕೆ 9901 ಕೂಡಿದಾಗ ಬಂದದ್ದು 1000001. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಹೌದಲ್ಲ! ಮಗು ಹೇಳಿದ್ದೇ ಸರಿ," ಎಂದು ಹಿರಿಯರು ತಲೆ ಕೆರೆದುಕೊಂಡರು. "ಆದ್ರೆ ಮೈಕಿನಲ್ಲಿ ಹೇಳಿಯಾಯ್ತಲ್ಲಮ್ಮ. ತೀರ್ಪು ತೀರ್ಪೇ. ಬೇಕಿದ್ರೆ ದುಂಡಗೆ ಬರೆದಿದಾಳೆ ಅಂತ ಒಂದು ಸಮಾಧಾನಕರ ಬಹುಮಾನ ಕೊಡೋಣ."

"ದುಂಡಗೆ ಬರೆದಿದ್ದಕ್ಕಾ?" ಟೀಚರ್ ದನಿ ಇಡೀ ಸಭಾಂಗಣಕ್ಕೆ ಕೇಳಿತು. "ನೀವು ಮೈಕಿನಲ್ಲಿ ಹೇಳಿದ್ರಿ ಅಂತ ಆ ಸಂಖ್ಯೆ ಹೆದರ್ಕೊಂಡು ಭಾಗವಾಗೋದು ಬಿಟ್ಬಿಡುತ್ತಾ? ನಾಚಿಕೆ ಆಗಲ್ವಾ ನಿಮಗೆ?"

ಅಷ್ಟರಲ್ಲಿ ಅಪ್ಪ ಮೇಲೆ ಬಂದ. ಸದ್ಯ, ಕಣ್ಣಾರೆ ನೋಡಿದನಲ್ಲ, ಇನ್ನು ಹುಡುಗಿ ಬಚಾವಾದಳು ಎಂದುಕೊಂಡಳು ಟೀಚರ್.

"ಸಾರ್, ನನ್ ಮಗಳದ್ದು ಸರಿನಾ, ತಪ್ಪಾ?"

"ಸರಿನೇ ಕಣಪ್ಪ. ಆದ್ರೆ..."

"ಸಾಕು ಬಿಡಿ." ಅವನು ಮಗಳ ಕೈಯಿಂದ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟ. "ನಡಿಯಮ್ಮ. ನಮ್ಮಂಗಡೀಲಿ ತಪ್ಪು ಬಣ್ಣ ಕೊಟ್ರೆ ಡಬ್ಬ ವಾಪಸ್ ತಗೋತೀವಿ. ಇಷ್ಟೆಲ್ಲಾ ಓದಿ ಇವರ ಥರ ಆಗೋದಾದ್ರೆ, ನಿಂಗೆ ಗಣಿತ ಬೇಡ."

ಟೀಚರ್ ಓಡಿಹೋಗಿ ಅಡ್ಡ ನಿಂತಳು. "ಬೇಡಣ್ಣ, ದಮ್ಮಯ್ಯ ಅಂತೀನಿ. ಓದಿದೋರೆಲ್ಲಾ ಹೀಗಿರಲ್ಲ."

"ಹಾಗಿಲ್ದೋರು ಇಲ್ಲಿ ಯಾರಿದಾರೆ, ತೋರ್ಸಿ ಮೇಡಂ."

ಟೀಚರ್ ತೀರ್ಪುಗಾರರತ್ತ ತಿರುಗಿದಳು. ಮೂವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಅಪ್ಪ ಮಗಳ ಕೈ ಹಿಡಿದು ಮೆಟ್ಟಿಲಿಳಿದ.