ಮೂರನೆಯ ವಸಂತದ ಕುಡಿ

ಚಳಿಗಾಲದಲ್ಲಿ ಆಸ್ಪರಾಗಸ್ ಮಡಿ ನೋಡಿದವರಿಗೆ ಅದು ಬರೀ ನೆಲ. ಬೇಸಿಗೆಯಿಡೀ ಎದೆಯೆತ್ತರ ನಿಂತು, ಎಳೆ ಎಳೆಯಾದ ಹಸಿರು ಹೊಗೆಯಂತೆ ಗಾಳಿಗೆ ಅಲುಗುವ ಗಿಡ ಮೇ ತಿಂಗಳಿಗೆ, ಭೂಮಿಯ ಈ ದಕ್ಷಿಣಾರ್ಧದಲ್ಲಿ ಚಳಿ ಶುರುವಾಗುವ ಹೊತ್ತಿಗೆ, ಹಳದಿಯಾಗಿ ಒಣಗುತ್ತದೆ. ಅದನ್ನು ಬುಡಮಟ್ಟ ಕತ್ತರಿಸಬೇಕು. ಆಮೇಲೆ ಮೇಲೆ ಏನೂ ಉಳಿಯುವುದಿಲ್ಲ. ಬೇರು ಕೆಳಗೆ ಮಲಗಿರುತ್ತದೆ. ಸೆಪ್ಟೆಂಬರಿನಲ್ಲಿ ವಸಂತ ಬಂದಾಗ ಅದು ಬೆರಳುಗಾತ್ರದ ಕುಡಿಗಳನ್ನು ನೆಟ್ಟಗೆ ಮೇಲಕ್ಕೆ ಕಳಿಸುತ್ತದೆ. ಆ ಕುಡಿಯ ತುದಿ ಬಿಚ್ಚಿಕೊಳ್ಳುವ ಮೊದಲೇ ಕೊಯ್ದು, ಬೇಯಿಸಿ, ಬೆಣ್ಣೆ ಹಾಕಿ ತಿನ್ನುವುದು.

ಆದರೆ ನೆಟ್ಟ ಮೇಲೆ ಮೊದಲೆರಡು ವಸಂತ ಕೊಯ್ಯುವಂತಿಲ್ಲ. ಕುಡಿಗಳು ಬಿಚ್ಚಿ ಗಿಡವಾಗಿ ಬೇರಿಗೆ ಬಲ ಬರಬೇಕು. ನನ್ನ ಗಂಡ ರೋರಿ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು.

"ಒಂದೇ ಒಂದು," ಎಂದು ಮೊದಲ ವರ್ಷ ಗೋಗರೆದಿದ್ದೆ.

"ಕೈ ಇಟ್ಟರೆ ನೋಡು. ಬೇಕಾದ್ರೆ ನನ್ನ ತಿನ್ನು."

"ನೀನು ಬೇಯಲ್ಲ. ಬರೀ ನಾರು."

ಎರಡನೆಯ ವರ್ಷ ಅವನನ್ನು ರೇಗಿಸಲೆಂದೇ ಕತ್ತರಿ ಹಿಡಿದು ಮಡಿಯ ಹತ್ತಿರ ಹೋಗಿದ್ದೆ. ಅವನು ಅಡುಗೆಮನೆ ಕಿಟಕಿಯಿಂದ ಕೂಗಿದ. "ಮುಂದಿನ ವರ್ಷ, ಟ್ಯಾಮ್ಸಿನ್! ಸಾಕಪ್ಪಾ ಸಾಕು ಅನ್ನೋವರೆಗೂ ತಿನ್ನಿಸ್ತೀನಿ."

ಮರುವರ್ಷ ಮಾರ್ಚಿನಲ್ಲಿ, ಸೌದೆ ಒಡೆಯುತ್ತಿದ್ದವನು ಹಾಗೇ ಕುಸಿದ, ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು. ಅವನಿಗೆ ಮೂವತ್ತಾರು ವರ್ಷ.

ಮೇ ತಿಂಗಳಲ್ಲಿ ನಾನು ಒಣಗಿದ ಗಿಡ ಕತ್ತರಿಸಿದೆ. ತೋಟದಲ್ಲಿ ಮಾಡಿದ ಕೆಲಸ ಅದೊಂದೇ. ಮಿಕ್ಕದ್ದನ್ನು ಕಳೆಗೆ ಬಿಟ್ಟೆ. ಶಾಲೆಗೆ ಹೋಗಿ ಭೂಗೋಳ ಕಲಿಸುತ್ತಿದ್ದೆ, ಬಂದು ಒಲೆ ಹಚ್ಚಿ ಅದರ ಮುಂದೆ ಕೂರುತ್ತಿದ್ದೆ. ವಸಂತ ಬರಬೇಕಿತ್ತು ನನಗೆ. ಹೂವಿಗಲ್ಲ, ಬಿಸಿಲಿಗಲ್ಲ. ಅವನು ಕೊಡುತ್ತೇನೆ ಎಂದದ್ದರಲ್ಲಿ ಇನ್ನೂ ಬರಲಿಕ್ಕಿದ್ದದ್ದು ಅದೊಂದೇ.

ಹುವಾನ್ ನದಿಯ ಈ ದಂಡೆಯಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೆ ಬೆಳ್ಳುಳ್ಳಿ ನೆಡುತ್ತಾರೆ, ಡಿಸೆಂಬರಿನ ಅತಿ ದೊಡ್ಡ ಹಗಲಿಗೆ ಕೀಳುತ್ತಾರೆ. ನನ್ನ ಮಾವ ಆಥಲ್ ಈ ದಿನ ತಪ್ಪಿಸಿದ್ದನ್ನು ಯಾರೂ ಕಂಡಿಲ್ಲ. ಜ್ವರವಿದ್ದರೂ ಮಳೆಯಿದ್ದರೂ ಜೂನಿನ ಆ ದಿನ ಅವರ ಕೈ ಮಣ್ಣಿನಲ್ಲಿರಬೇಕು. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು, ಮಾತು ಕಡಿಮೆ. ಮಗನನ್ನು ಮಣ್ಣು ಮಾಡಿದ ಮೇಲೆ ಅದೂ ನಿಂತಿತ್ತು. ವಾರಕ್ಕೊಮ್ಮೆ ಬರುವರು, ಚಹಾ ಕುಡಿಯುವರು, ಹಿತ್ತಲಿಗೆ ಕಾಲಿಡದೆ ಹೋಗುವರು. ಅಂದಿನಿಂದ ರೋರಿಯ ಹೆಸರು ಅವರ ಬಾಯಿಂದ ನಾನು ಕೇಳಿರಲಿಲ್ಲ.

ಆ ದಿನ ನಾನು ಶಾಲೆಯಿಂದ ಬರುವಾಗ ನದಿಯ ಮೇಲೆ ಮಂಜು ಇಳಿಯುತ್ತಿತ್ತು. ಅವರ ಹಳೆಯ ವ್ಯಾನು ಮನೆ ಮುಂದೆ ನಿಂತಿತ್ತು. ಹಿತ್ತಲಿಗೆ ಹೋದೆ. ಪಕ್ಕದ ಮನೆಯ ಮರ್ಲ್ ಆಗಷ್ಟೇ ಪೇಟೆಯಿಂದ ಬಂದು, ಚೀಲ ಕೆಳಗಿಡದೆ ಬೇಲಿಗೆ ಒರಗಿದ್ದಳು.

"ಬಂದ್ಯಾ? ನಿನ್ ಮಾವನ್ನ ನೋಡು. ಬಗ್ಗಿದೋರು ಎದ್ದೇ ಇಲ್ಲ. ಸೊಂಟ ಹಿಡ್ಕೊಂಡ್ರೆ ನಾನಂತೂ ಎತ್ತೋಳಲ್ಲ," ಎಂದವಳು, ಅವರು ಬಗ್ಗಿದ್ದು ಆಸ್ಪರಾಗಸ್ ಮಡಿಯಲ್ಲಿ ಎಂದು ಕಂಡು ಚೀಲ ಕೆಳಗಿಟ್ಟಳು.

ಆಥಲ್ ಎದ್ದು ನಿಂತರು. ಮೊಣಕಾಲವರೆಗೆ ಕೆಸರು.

"ಖಾಲಿ ಬಿದ್ದಿತ್ತು ಹುಡುಗಿ," ಎಂದರು. "ಇಷ್ಟು ಒಳ್ಳೇ ಮಣ್ಣು. ನೋಡೋಕೆ ಆಗ್ಲಿಲ್ಲ. ಎರಡು ಸಲಿಕೆ ಆಳ ಅಗೆದು ಬೆಳ್ಳುಳ್ಳಿ ಊರಿದ್ದೀನಿ. ಅಬ್ಬಬ್ಬ, ಅದೇನು ಬೇರು ಅಂತೀಯ! ಆಕ್ಟೋಪಸ್ ಥರ. ಯಾವುದೋ ಹಾಳು ಕಳೆ. ಕಡಿದೂ ಕಡಿದೂ ಸಾಕಾಯ್ತು."

"ಬೇರು ಎಲ್ಲಿ ಹಾಕಿದ್ರಿ?"

"ಸುಟ್ಟೆ. ಅಂಥದ್ದನ್ನ ಗೊಬ್ಬರದ ಗುಂಡಿಗೆ ಹಾಕಬಾರದು, ಮತ್ತೆ ಚಿಗುರುತ್ತೆ."

ಕೊಟ್ಟಿಗೆಯ ಹಿಂದಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನಕ್ಕರು.

"ರೋರಿಗೆ ಐದೋ ಆರೋ ವರ್ಷ. ನನ್ ಜೊತೆ ನೆಡ್ತೀನಿ ಅಂತ ಹಟ. ಒಂದು ಸಾಲು ಪೂರ್ತಿ ತಲೆಕೆಳಗೆ ನೆಟ್ಟಿದ್ದಾನೆ ಕಳ್ಳ! ಅವರಮ್ಮ ಕಿತ್ತು ಸರಿ ಮಾಡಿ ಅಂದ್ಲು. ಬಿಡೇ, ಏನಾಗುತ್ತೋ ನೋಡೋಣ ಅಂದೆ. ಬಂತು ಕಣೇ. ಸುತ್ತಿ ಬಳಸಿ, ಸೊಟ್ಟಸೊಟ್ಟಗೆ, ಬಂದೇ ಬಂತು."

ಅವರು ಮಾತಾಡುತ್ತಲೇ ಇದ್ದರು. ಕತ್ತಲಾದರೂ ನಿಲ್ಲಿಸಲಿಲ್ಲ. ನಾನು ಬಾಯಿ ಮುಚ್ಚಿದೆ.

"ಚೆನ್ನಾಗಿದೆ ಆಥಲ್," ಎಂದೆ.

ಅವರು ಹೋದ ಮೇಲೂ ಮರ್ಲ್ ಬೇಲಿ ಬಿಟ್ಟು ಕದಲಿರಲಿಲ್ಲ. "ನನ್ ಕೈಗಾಡಿ ತಗೊಂಡು ಆ ಮಡಿಗೆ ಗೊಬ್ಬರಕ್ಕೆ ಅಂತ ಕಡಲಪಾಚಿ ಹೊತ್ತು ಹಾಕಿದ್ದ ನಿನ್ ಗಂಡ. ಹೇಳಬಾರದಿತ್ತಾ?"

"ಹೇಳಿದ್ರೆ ವಾಪಸ್ ಬರುತ್ತಾ?"

"ಚೂರುಪಾರು ಬೇರು ಉಳಿದಿರುತ್ತೆ ಕಣೇ ಒಳಗೆ. ಆದ್ರೆ ಆ ಮನುಷ್ಯ ಇನ್ನು ಪ್ರತಿ ಶನಿವಾರ ಕಳೆ ಕೀಳೋಕೆ ಬರ್ತಾನೆ. ಬೆಳ್ಳುಳ್ಳಿ ಬಿಟ್ಟು ಬೇರೆ ಏನು ತಲೆ ಎತ್ತಿದ್ರೂ ಕುತ್ತಿಗೆ ಮುರೀತಾನೆ. ಆಮೇಲೆ ನನ್ ಹತ್ರ ಬಂದು ಅಳಬೇಡ."

ನಾನು ಅಳಲಿಲ್ಲ. ಅದು ಆಗ ನನ್ನಿಂದ ಆಗುತ್ತಿರಲಿಲ್ಲ.

ಮುಂದಿನ ಶನಿವಾರ ಆಥಲ್ ಬಂದಾಗ, ಕಳೆ ನಾನೇ ತೆಗೆಯುತ್ತೇನೆ ಎಂದೆ. ಅವರ ಮುಖ ಸಣ್ಣದಾಯಿತು.

"ನನಗೆ ಕಣ್ಣು ಕಾಣಲ್ಲ ಅಂತಾನಾ?"

"ಹಾಗಲ್ಲ. ನನಗೂ ಏನಾದ್ರೂ ಕೆಲಸ ಬೇಕು."

ಅವರು ಯೋಚಿಸಿದರು. "ಸರಿ. ಬೇಲಿ ಕಡೆ ಅರ್ಧ ನಂದು, ಮನೆ ಕಡೆ ಅರ್ಧ ನಿಂದು. ಯಾರದ್ದು ಚೊಕ್ಕ ಇರುತ್ತೋ ನೋಡೇಬಿಡೋಣ."

ಅರ್ಧ ಮಡಿಯನ್ನಷ್ಟೇ ಉಳಿಸಿಕೊಂಡೆ.

ಬೆಳ್ಳುಳ್ಳಿ ಬೇಗ ಮೊಳೆಯಿತು. ಜುಲೈನ ಬೆಳಗುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಮಡಿ ಬಿಳಿಚಿಕೊಂಡಿರುತ್ತಿತ್ತು, ಅದರ ನಡುವೆ ಹಸಿರು ಸಾಲುಗಳು ನೇರವಾಗಿ ನಿಂತಿರುತ್ತಿದ್ದವು. ಶಾಲೆಗೆ ಹೊರಡುವ ಮೊದಲು ಹೋಗಿ ಸಾಲುಗಳ ನಡುವೆ ನೋಡುತ್ತಿದ್ದೆ. ಬೂಟಿನ ಕೆಳಗೆ ನೆಲ ಕರಕರ ಎನ್ನುತ್ತಿತ್ತು. ಏನೂ ಇರುತ್ತಿರಲಿಲ್ಲ, ಇರುವ ಕಾಲವೂ ಅದಲ್ಲ. ಗೊತ್ತಿದ್ದೂ ಹೋಗುತ್ತಿದ್ದೆ. ಆಗಸ್ಟಿನಲ್ಲಿ ಎದುರಿನ ಬೆಟ್ಟಗಳ ಮೇಲೆ ಹಿಮ ಬಿತ್ತು. ಅದು ಕರಗುವ ಮೊದಲೇ ರಸ್ತೆಬದಿಯ ವಾಟಲ್ ಮರಗಳು ಹಳದಿ ಹೂ ತಳೆದವು. ಸಹೋದ್ಯೋಗಿಗಳು ನನ್ನನ್ನು ಕಂಡು, ಚಳಿ ಮುಗೀತಾ ಬಂತಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದರು, ಕಾಯಿಲೆಯವರ ಹತ್ತಿರ ಹೇಳುವಂತೆ.

ಸೆಪ್ಟೆಂಬರಿನಲ್ಲಿ ನನ್ನ ಅರ್ಧದಲ್ಲಿ ಮೊಳೆತ ಪ್ರತಿಯೊಂದನ್ನೂ ಹಾಗೇ ಬಿಟ್ಟೆ. ಗರಿಕೆ, ಡ್ಯಾಂಡೆಲಿಯನ್, ಹೆಸರಿಲ್ಲದ್ದು. ಆಥಲ್ ತಮ್ಮ ಅರ್ಧ ಚೊಕ್ಕ ಮಾಡಿ, ನನ್ನದನ್ನು ನೋಡಿ ಮೀಸೆಯೊಳಗೇ ನಗುತ್ತಿದ್ದರು.

"ಸೋತೆ ನೀನು."

"ಸೋತೆ," ಎನ್ನುತ್ತಿದ್ದೆ.

ಮರ್ಲ್ ಒಂದು ಭಾನುವಾರ ಸಂತೆಯಿಂದ ಒಂದು ಕಟ್ಟು ಆಸ್ಪರಾಗಸ್ ತಂದಳು. ದಪ್ಪ, ಹೊಳೆಯುವ ಕುಡಿಗಳು. "ತಗೋ, ಬೇಯಿಸ್ಕೊಂಡು ತಿನ್ನು. ಇದೂ ಅದೇ ತಾನೆ?"

"ಅಲ್ಲ."

ಅವಳು ವಾದ ಮಾಡದೆ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಅಕ್ಟೋಬರಿನ ಮೊದಲ ಶನಿವಾರ ಬಿಸಿಲಿತ್ತು. ನಾನು ಒಳಗೆ ಚಹಾಕ್ಕೆ ನೀರಿಟ್ಟಿದ್ದೆ.

"ಟ್ಯಾಮ್ಸಿನ್. ಇಲ್ಲಿ ಬಾ."

ಆಥಲ್ ತಮ್ಮ ಅರ್ಧದಲ್ಲಿ ಮಂಡಿಯೂರಿದ್ದರು. ಕೈಯಲ್ಲಿ ಕಳೆ ತೆಗೆಯುವ ಚಾಕು. ಕಿತ್ತ ಕಳೆ ಪಕ್ಕದಲ್ಲಿ ಗುಡ್ಡೆಯಾಗಿತ್ತು. ಅವರ ಮುಂದೆ, ಬೆಳ್ಳುಳ್ಳಿಯ ಎರಡು ಸಾಲುಗಳ ನಡುವೆ, ಪೆನ್ಸಿಲಿಗಿಂತ ತೆಳ್ಳಗಿನ ಕುಡಿಯೊಂದು ನಿಂತಿತ್ತು. ತುದಿ ನೇರಳೆ.

"ಇದು ಕಳೆ ಅಲ್ಲ," ಎಂದರು.

"ಅಲ್ಲ."

"ಆ ಬೇರು..."

"ಹೌದು."

"ಅವನು ನೆಟ್ಟಿದ್ದಾ?"

"ಹೌದು. ಈ ವರ್ಷ ಮೊದಲ ಕೊಯ್ಲು ಆಗಬೇಕಿತ್ತು."

ಅವರು ಹಾಗೇ ಹಸಿ ನೆಲದ ಮೇಲೆ ಕುಳಿತುಬಿಟ್ಟರು. "ನಾನು ಸುಟ್ಟೆ," ಎಂದರು. ನನ್ನ ಕಡೆ ತಿರುಗಿ, "ನೀನ್ಯಾಕೆ ಹೇಳ್ಲಿಲ್ಲ?"

"ಅವತ್ತು ನೀವು ಅವನ ಹೆಸರು ಹೇಳಿದ್ರಿ. ಮಧ್ಯ ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ."

ಅವರು ಕೈ ಚಾಚಿ ಹತ್ತಿರದ ಒಂದು ಬೆಳ್ಳುಳ್ಳಿ ಗಿಡ ಕಿತ್ತರು. ಇನ್ನೊಂದು ಕಿತ್ತರು. ಮತ್ತೊಂದು.

"ಏನಯ್ಯಾ ಆಥಲ್, ತಲೆ ಕೆಟ್ಟಿತಾ?" ಮರ್ಲ್ ಬೇಲಿಯಾಚೆಯಿಂದ ಕೂಗಿದಳು. "ಡಿಸೆಂಬರ್‌ಗೆ ಇನ್ನೂ ಎಷ್ಟು ದಿನ ಇದೆ!"

ನಾನು ಅವರ ಮಣಿಕಟ್ಟು ಹಿಡಿದೆ. "ಬಿಡಿ. ಅದೇನು ಮಾಡಿತು ಪಾಪ."

ಅವರು ಚಾಕುವನ್ನು ಪ್ಯಾಂಟಿಗೆ ಒರೆಸಿ, ಹಿಡಿಯನ್ನು ನನ್ನ ಕಡೆ ಚಾಚಿದರು.

"ಕೊಯ್ಕೋ. ಈ ವರ್ಷ ಅಂದಿದ್ದ ತಾನೆ ಅವನು. ಕೊಯ್ದು ತಿನ್ನು."

ನಾನು ಮಂಡಿಯೂರಿದೆ. ಕುಡಿಯ ಬುಡಕ್ಕೆ ಚಾಕು ತಾಗಿಸಿದೆ. ಹಸಿಯಾಗಿಯೇ, ಅಲ್ಲೇ, ಮಣ್ಣಿನ ಸಮೇತ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸಿತು. ಕೆಳಗಿದ್ದದ್ದು ಸಲಿಕೆಗೆ ಸಿಕ್ಕಿ ತುಂಡಾದ ಬೇರು. ತನ್ನಲ್ಲಿ ಇದ್ದದ್ದನ್ನೆಲ್ಲ ಈ ಒಂದಕ್ಕೆ ಹಾಕಿತ್ತು. ಈಗ ಕೊಯ್ದರೆ ಇನ್ನೊಂದು ಬರುವುದೋ ಇಲ್ಲವೋ. ಬಿಟ್ಟರೆ, ಬೇರು ಬಲಿಯಲು ಮತ್ತೆ ಎರಡು ವಸಂತ ಬೇಕು.

ಚಹಾದ ನೀರು ಒಳಗೆ ಕುದಿದು ಕೂಗುತ್ತಿತ್ತು. ಯಾರೂ ಏಳಲಿಲ್ಲ.

ಚಾಕು ಅವರ ಕೈಗೆ ವಾಪಸು ಕೊಟ್ಟೆ. "ಮತ್ತೆ ಎರಡು ವರ್ಷ ಕಾಯಬೇಕು," ಎಂದೆ.

"ಅಷ್ಟೊತ್ತಿಗೆ ನನಗೆ ಎಂಬತ್ತಾಗುತ್ತೆ ಹುಡುಗಿ."

"ಆಗಲಿ. ಹಲ್ಲು ಉಳಿಸ್ಕೊಂಡಿರಿ."

"ಇರೋದೇ ನಾಲ್ಕು," ಎಂದಳು ಮರ್ಲ್. ಅವಳ ದನಿ ಒಡೆದಿತ್ತು.

ಆಥಲ್ ವ್ಯಾನಿನಿಂದ ತಂತಿಬಲೆಯ ತುಂಡು ತಂದು, ಕಾಡಿನಿಂದ ಬರುವ ವಾಲಬಿಗಳು, ಆ ಪುಟ್ಟ ಕಾಂಗರೂಗಳು, ಬಾಯಿ ಹಾಕದಂತೆ ಕುಡಿಯ ಸುತ್ತ ಕಟ್ಟಿದರು. ಗೂಟಗಳನ್ನು ಕಲ್ಲಿನಿಂದ ಬಡಿದು ಇಳಿಸಿದರು. ಬೇರಿಗೆ ತಾಗದಷ್ಟು ದೂರದಲ್ಲಿ, ಒಂದೊಂದನ್ನೂ ಅಳೆದು ಅಳೆದು.

ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ಮಡಿಯಲ್ಲಿ ಇನ್ನೂ ಅದೊಂದೇ ಕುಡಿ ಇತ್ತು. ರಾತ್ರಿಯಲ್ಲಿ ಗೇಣುದ್ದ ಆಗಿತ್ತು. ತುದಿಯ ಪುಟ್ಟ ಎಸಳುಗಳು ಸಡಿಲಾಗಿ, ಎಳೆ ಎಳೆಯಾಗಿ ಬಿಚ್ಚಿಕೊಳ್ಳತೊಡಗಿದ್ದವು. ಇನ್ನು ಅದು ತಿನ್ನಲು ಬರುವುದಿಲ್ಲ.