ಉಚ್ಚಂಗಮ್ಮನ ಬಾಣಂತನ

ಬಿಳಿಚೋಡಿನ ಉಚ್ಚಂಗಮ್ಮನ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವರು ಅವಳನ್ನು ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ. ಅರ್ಧ ಋಣದಿಂದ, ಅರ್ಧ ಹೆದರಿಕೆಯಿಂದ. ಮೂವರು ತಂಗಿಯರ ಎಂಟು ಹೆರಿಗೆಗೂ ಅವಳೇ. ತಾಯಿ ಬೇಗ ತೀರಿಕೊಂಡಿದ್ದರಿಂದ ಆ ಕೆಲಸ ಅವಳ ತಲೆಗೆ ಬಂದಿತ್ತು, ಬಂದದ್ದನ್ನು ಅವಳು ದರ್ಬಾರು ನಡೆಸಿದ ಹಾಗೆ ನಡೆಸಿದಳು. ಕಿಟಕಿ ತೆಗೆಯುವ ಹಾಗಿಲ್ಲ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚುವ ಹಾಗಿಲ್ಲ. ದಿನಕ್ಕೆ ಎರಡೇ ಲೋಟ ನೀರು, ಅದೂ ಕಾಯಿಸಿದ್ದು. ಬೆಳ್ಳುಳ್ಳಿ, ಮೆಣಸಿನ ಸಾರು, ಬಿಸಿ ಅನ್ನ. ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿ, ಮೈ ಕೆಂಪಗಾಗುವವರೆಗೆ ಹಂಡೆ ನೀರು ಸುರಿದು, ಲೋಬಾನದ ಹೊಗೆ ಕೊಟ್ಟು ಮಲಗಿಸಿದಳೆಂದರೆ ಬಾಣಂತಿ ಕಿಮಕ್ ಎನ್ನುವಂತಿರಲಿಲ್ಲ.

ಅವಳಿಗೆ ಮಾತ್ರ ಮಕ್ಕಳಾಗಲಿಲ್ಲ. ಗಂಡ ಹೋಗಿ ಹನ್ನೆರಡು ವರ್ಷ. ಹದಿನೈದು ಕುರಿ, ಒಂದು ಸಣ್ಣ ಮನೆ, ಪಕ್ಕದಲ್ಲೇ ತಮ್ಮ ಹನುಮಣ್ಣನ ಮನೆ. ಯಾರ ಹಂಗೂ ಇಲ್ಲದೆ ಐವತ್ತೆಂಟು ಮುಟ್ಟಿದವಳು ಅವಳು, ಅದನ್ನು ಮಾತುಮಾತಿಗೂ ಹೇಳಿಕೊಳ್ಳದೆ ಬಿಡುತ್ತಲೂ ಇರಲಿಲ್ಲ.

ಎದೆಯಲ್ಲಿ ಗಂಟು ಕಂಡಾಗಲೂ ಹಾಗೇ ನಡೆದುಕೊಂಡಳು. ಕ್ಯಾನ್ಸರ್ ಎಂದರು, ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಎಡಗಡೆಯ ಮೊಲೆ ತೆಗೆದರು. ಅವಳು ತಂಗಿಯರಿಗೆ ಫೋನಿನಲ್ಲಿ "ಸಣ್ಣದೊಂದು ಗಡ್ಡೆ ಇತ್ತು, ತೆಗೆಸ್ದೆ" ಎಂದಷ್ಟೇ ಹೇಳಿ ಕುರಿಗಳ ಸುದ್ದಿಗೆ ಹೊರಳಿದಳು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಕೀಮೋ ಆಗಬೇಕೆಂದರು. ಮೊದಲ ಎರಡಕ್ಕೆ ಹನುಮಣ್ಣನನ್ನು ಆಸ್ಪತ್ರೆಯ ಗೇಟಿನಲ್ಲೇ ನಿಲ್ಲಿಸಿ ಒಬ್ಬಳೇ ಒಳಗೆ ಹೋದಳು. ಎರಡನೆಯದು ಮುಗಿದ ಮೇಲೆ ನಾಲ್ಕು ದಿನ ವಾಂತಿ, ತಲೆಗೂದಲೆಲ್ಲ ದಿಂಬಿನ ಮೇಲೆ. ಅಷ್ಟಾದರೂ ಬೆಳಿಗ್ಗೆ ಎದ್ದು ಕುರಿಹಟ್ಟಿ ಗುಡಿಸುತ್ತಿದ್ದಳು. ಆ ಗಟ್ಟಿತನಕ್ಕೆ ಕೈಮುಗಿಯಬೇಕು. ಆದರೆ ಮೂರನೆಯದಕ್ಕೆ ಇನ್ನೊಂದು ವಾರ ಇರುವಾಗ ತಮ್ಮನನ್ನು ಕರೆದು, "ಸಾಕು. ಇನ್ನ ನಾ ಹೋಗಲ್ಲ" ಎಂದುಬಿಟ್ಟಳು.

ಯಾಕೆ ಎಂದರೆ ಹೇಳಲಿಲ್ಲ. ನಡುವೆ ಬಿಟ್ಟರೆ ಕಾಯಿಲೆ ಮತ್ತೆ ತಲೆಯೆತ್ತಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು, ಅದು ಅವಳಿಗೆ ನೆನಪಿರಲಿಲ್ಲ ಎಂದಲ್ಲ. ಹನುಮಣ್ಣ ಬುದ್ಧಿವಂತ. ಅಕ್ಕನ ಜೊತೆ ವಾದಕ್ಕಿಳಿಯದೆ ಹೊರಗೆ ಹೋಗಿ ಮೂರು ಫೋನ್ ಮಾಡಿದ.

ಹೊನ್ನಾಳಿಯಿಂದ ಕರಿಬಸಮ್ಮ, ಚನ್ನಗಿರಿ ಕಡೆಯ ಉಬ್ರಾಣಿಯಿಂದ ಚೌಡಕ್ಕ, ನ್ಯಾಮತಿಯಿಂದ ಕಿರಿಯವಳು ಕೊಲ್ಲಾಪುರಮ್ಮ. ಮೂವರೂ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕೂಡಿಕೊಂಡು, ಅಳುವುದನ್ನೆಲ್ಲ ಅಲ್ಲೇ ಅತ್ತು ಮುಗಿಸಿ, ಜಗಳೂರು ಬಸ್ಸು ಹತ್ತಿ ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ನಿಂತರು.

"ಯಾರು ಕರೆದ್ರು ನಿಮ್ಮನ್ನ?" ಎಂದಳು ಉಚ್ಚಂಗಮ್ಮ.

"ನಮ್ಮ ಹೆರಿಗೆಗೆ ನಿನ್ನ ಯಾರು ಕರೆದಿದ್ರು?" ಎಂದಳು ಕರಿಬಸಮ್ಮ, ಚೀಲ ಒಳಗಿಡುತ್ತ. ಅವಳಿಗೆ ಮೊದಲಿನಿಂದಲೂ ಬಾಯಿ ಜೋರು. "ಮೈಯಾಗೆ ಶಕ್ತಿ ಇಲ್ಲ, ಅದಕ್ಕೇ ಬ್ಯಾಡ ಅಂತೀಯ. ವಾರದಾಗೆ ಹೆಂಗೆ ಎಬ್ಬಿಸ್ತೀವಿ ನೋಡು."

ಮೈಗೆ ಶಕ್ತಿ ತುಂಬಲು ಆ ಮೂವರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅದನ್ನು ಕಲಿಸಿದವಳು ಇದೇ ಅಕ್ಕ. ಸಂಜೆಯೊಳಗೆ ಕಿಟಕಿ ಮುಚ್ಚಿತು. ಬೋಳುತಲೆಗೆ ಬಟ್ಟೆ ಬಿಗಿದರು. ಮೂಲೆಯಲ್ಲಿ ಲೋಬಾನ ಹೊಗೆಯಾಡಿತು. ಬೆಳ್ಳುಳ್ಳಿಯ ವಾಸನೆಗೆ ಉಚ್ಚಂಗಮ್ಮನ ಹೊಟ್ಟೆ ತೊಳಸುತ್ತಿತ್ತು, ಹೊಗೆಗೆ ಕೆಮ್ಮು ಬರುತ್ತಿತ್ತು. ಚೌಡಕ್ಕ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ನೀರು ಕಾಯಿಸಿ ಆರಿಸಿ ಕೊಟ್ಟಳು, ಅಷ್ಟೇ.

ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕೆಂದು ಆಸ್ಪತ್ರೆಯಲ್ಲಿ ಒತ್ತಿ ಹೇಳಿದ್ದರು. ಒಂದು ಮಾತು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೇಗೆ ಬಿಡುವುದು? ಇದೇ ಚೌಡಕ್ಕ ಚೊಚ್ಚಲ ಬಾಣಂತನದಲ್ಲಿ "ಅಕ್ಕಾ, ಇನ್ನೊಂದು ಗುಟುಕು" ಎಂದು ಅಂಗಲಾಚಿದಾಗ, "ಮೈಗೆ ನೀರು ಸೇರ್ತೈತೆ, ಬಿದ್ಕೋ" ಎಂದು ಗದರಿಸಿ ಚೊಂಬು ಕಿತ್ತುಕೊಂಡವಳು ತಾನು. ಈಗ ತನಗೇ ನೀರು ಬೇಕೆಂದರೆ ಎಂಟು ಬಾಣಂತನದ ಕಟ್ಟುನಿಟ್ಟನ್ನೂ ತಾನೇ ಅಲ್ಲಗಳೆದಂತೆ. ಜಂಬದ ಹೆಂಗಸು, ನಾಲಿಗೆ ಒಣಗಿಸಿಕೊಂಡು ಸುಮ್ಮನೆ ಮಲಗಿದಳು.

ಸ್ನಾನದ ವಿಷಯದಲ್ಲಿ ಮಾತ್ರ ಅವಳು ತಂಗಿಯರಿಗೆ ಬಗ್ಗಲಿಲ್ಲ. ಅವರು ನೀರು ಕಾಯಿಸಿ ಕರೆದಾಗಲೆಲ್ಲ ಒಬ್ಬಳೇ ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಳ್ಳುವಳು. ಆಪರೇಷನ್ ಆದಾಗಿನಿಂದ ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಬಲಗೈಯೊಂದರಲ್ಲೇ ಒದ್ದೆ ಬಟ್ಟೆಯಿಂದ ಎಟುಕಿದಷ್ಟು ಒರೆಸಿಕೊಂಡು, ಸೀರೆ ಸುತ್ತಿಕೊಂಡು ಹೊರಗೆ ಬರುವಳು.

ನಾಲ್ಕನೆಯ ಬೆಳಿಗ್ಗೆ ಎದ್ದು ನಿಂತವಳು ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡೇ ಕುಸಿದಳು. ಹನುಮಣ್ಣ ಓಡಿಹೋಗಿ ಊರಿನ ಆಶಾ ಕಾರ್ಯಕರ್ತೆ ನಾಗರತ್ನಳನ್ನು ಕರೆತಂದ. ಅವಳು ಒಣಗಿದ ತುಟಿ ನೋಡಿದಳು, ಮುಚ್ಚಿದ ಕಿಟಕಿ ನೋಡಿದಳು, ಆಸ್ಪತ್ರೆಗೆ ಫೋನ್ ಹಚ್ಚಿ ವಿಚಾರಿಸಿದಳು, ಆಮೇಲೆ ತಂಗಿಯರ ಕಡೆ ತಿರುಗಿದಳು.

"ಕೀಮೋ ಆದೋರಿಗೆ ನೀರು ಕೊಡದಂಗೆ ಇಡ್ತಾರೇನ್ರೀ? ಈ ಹೊಗೆ ಬ್ಯಾರೆ! ಸಂಜೆಯೊಳಗೆ ಚೇತರಿಸಿಕೊಳ್ಳಲಿಲ್ಲ ಅಂದ್ರೆ ಡ್ರಿಪ್ ಹಾಕ್ಸಾಕೆ ಕರ್ಕೊಂಡು ಹೋಗ್ಬೇಕು. ಹಿಂಗೆ ಮಾಡಾಕೆ ಯಾರು ಹೇಳಿದ್ದು ನಿಮಗೆ?"

ಮೂವರೂ ತಲೆ ತಗ್ಗಿಸಿದರು. ಬಾಯಿಬಡುಕಿ ಕರಿಬಸಮ್ಮ ಕೂಡ ಅಕ್ಕನ ಹೆಸರೆತ್ತಲಿಲ್ಲ. ಬೈಗುಳವನ್ನೆಲ್ಲ ತಮ್ಮ ಮೈಮೇಲೆ ಹಾಕಿಕೊಂಡು ನಿಂತರು. ನೆಲದ ಮೇಲೆ ಮಲಗಿದ್ದ ಉಚ್ಚಂಗಮ್ಮನಿಗೆ ಅದನ್ನು ನೋಡಿ ತಡೆದುಕೊಳ್ಳಲಾಗಲಿಲ್ಲ.

"ನಾನೇ ಹೇಳಿದ್ದು" ಎಂದಳು. "ಮೂವತ್ತು ವರ್ಷದ ಹಿಂದೆ. ಇವರದು ತಪ್ಪಿಲ್ಲ. ನೀರು ಕುಡಿಬೇಕು ಅಂತ ನಂಗೆ ಗೊತ್ತಿತ್ತು, ಹೇಳಾಕೆ ಬಾಯಿ ಬರಲಿಲ್ಲ." ಆಮೇಲೆ ಚೌಡಕ್ಕನ ಮುಖ ನೋಡಿ, "ಆವಾಗ ನಿಂಗೂ ಹಿಂಗೇ ಬಾಯಿ ಒಣಗ್ತಿತ್ತೇನೇ?" ಎಂದು ಕೇಳಿದಳು.

ಚೌಡಕ್ಕ ಮಾತು ಕಡಿಮೆಯವಳು. "ಬಚ್ಚಲಾಗೆ ನೀನು ಸುರಿಯೋ ನೀರಿಗೇ ಬಾಯಿ ಕೊಟ್ಟು ಕುಡೀತಿದ್ದೆ" ಎಂದಳು.

"ನಾನೂ" ಎಂದಳು ಕರಿಬಸಮ್ಮ.

"ನಾನೂ" ಎಂದಳು ಕೊಲ್ಲಾಪುರಮ್ಮ.

ಉಚ್ಚಂಗಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು, ಅದರ ಹಿಂದೆ ಅಳು. ಎಷ್ಟು ನಿಷ್ಠೆಯಿಂದ ತಪ್ಪು ಮಾಡಿದ್ದಳು ತಾನು, ಅದನ್ನು ಇವರು ಎಷ್ಟು ಪ್ರೀತಿಯಿಂದ ಸಹಿಸಿದ್ದರು! ಕರಿಬಸಮ್ಮ ಕಿಟಕಿ ತೆರೆದಳು. ಚೌಡಕ್ಕ ಪಕ್ಕದಲ್ಲಿ ಕೂತು, ಅರ್ಧ ಗಂಟೆಗೊಮ್ಮೆ ನೀರು ಕುಡಿಸುತ್ತಾ ಹೋದಳು. ಸಂಜೆಯ ಹೊತ್ತಿಗೆ ಉಚ್ಚಂಗಮ್ಮ ಎದ್ದು ಕೂತು ಗಂಜಿ ಕುಡಿದಳು, ಡ್ರಿಪ್ಪಿನ ಮಾತು ಅಲ್ಲಿಗೇ ನಿಂತಿತು.

"ಅಕ್ಕಾ, ಇವತ್ತು ನಾನು ಮೈ ತೊಳೀತೀನಿ" ಎಂದಳು ಕೊಲ್ಲಾಪುರಮ್ಮ.

"ಬ್ಯಾಡ."

"ನಿನ್ನ ಮುಂದೆ ನಾವು ಬರಿಮೈಯಾಗೆ ಕೂತಿರಲಿಲ್ಲೇನು? ನಮಗೇನು ನಾಚಿಕೆ ಇರಲಿಲ್ವಾ?"

"ನೀವು ಹೆತ್ತು ಕೂತಿದ್ರಿ" ಎಂದಳು ಉಚ್ಚಂಗಮ್ಮ. "ನಾನು ಏನು ಹೆತ್ತು ಕೂರಲೇ? ಇದ್ದದ್ದರಾಗೂ ಒಂದನ್ನ ಕುಯ್ದು ತೆಗೆದಾರೆ. ಇನ್ನೊಂದು ಕೀಮೋ ಇಂಜೆಕ್ಷನ್ ಆದ್ರೆ ಇರೋ ಶಕ್ತಿನೂ ಹೋಗಿ ಈ ಬಲಗೈನೂ ಏಳಲ್ಲ. ಆಮೇಲೆ ಯಾರಾದ್ರೂ ತೊಳಿಲೇಬೇಕು, ನೋಡ್ಲೇಬೇಕು. ಅದಕ್ಕಿಂತ ಸತ್ತು ಹೋಗೋದೇ ಚಲೋ ಅನ್ನಿಸ್ತು."

ಇಷ್ಟು ದಿನ ಆಸ್ಪತ್ರೆ ಬೇಡವೆಂದದ್ದು ವಾಂತಿಗಲ್ಲ, ಸೂಜಿಗಲ್ಲ, ಇದಕ್ಕೆ. ಕೊಲ್ಲಾಪುರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಎದ್ದವಳು ಚೌಡಕ್ಕ.

"ಹೆರದಿದ್ರೂ ಮೈ ಮೈಯೇ ಅಲ್ವೇನೇ?" ಎಂದಳು. "ನೀರು ಕಾದೈತೆ, ಬಾ."

ಉಚ್ಚಂಗಮ್ಮ ಅವಳನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು, ಎಬ್ಬಿಸಲಿ ಎಂದು.

ಬಚ್ಚಲಲ್ಲಿ ಮಣೆಯ ಮೇಲೆ ಕೂತು ಅವಳು ಸೀರೆ ಜಾರಿಸಿದಳು. ಎಂಟು ಬಾಣಂತನಗಳನ್ನು ದರ್ಪದಿಂದ ನಡೆಸಿದ ಹೆಂಗಸು ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಆ ಜಾಗದಲ್ಲಿ ಕೂತಿದ್ದಳು. ಅದಕ್ಕೆ ಬೇಕಾದ ಧೈರ್ಯ ಕುರಿಹಟ್ಟಿ ಗುಡಿಸುವ ಧೈರ್ಯಕ್ಕಿಂತ ದೊಡ್ಡದು. ಮೂವರೂ ಗಾಯದ ಗುರುತು ನೋಡಿದರು, ಯಾರೂ ಕಣ್ಣು ತಪ್ಪಿಸಲಿಲ್ಲ.

"ಹೊಲಿಗೆ ಚೆನ್ನಾಗಿ ಹಾಕ್ಯಾರೆ" ಎಂದಳು ಕರಿಬಸಮ್ಮ. ಚೌಡಕ್ಕ ಹದವಾಗಿ ಬೆರೆಸಿದ ನೀರು ಹೊಯ್ದಳು. ಕೊಲ್ಲಾಪುರಮ್ಮ, ಇಷ್ಟು ದಿನ ಅಕ್ಕನ ಕೈಗೆ ಎಟುಕದಿದ್ದ ಬೆನ್ನನ್ನು ಮೆಲ್ಲಗೆ ಉಜ್ಜತೊಡಗಿದಳು.

"ಗುರುವಾರ ಮೊದಲನೇ ಬಸ್ಸಿಗೆ ಹೊರಡಬೇಕು, ಇಂಜೆಕ್ಷನ್‌ಗೆ" ಎಂದಳು ಉಚ್ಚಂಗಮ್ಮ, ಅವರ ಕಡೆ ತಿರುಗದೆ.

"ಯಾರು ಬರಲಿ ಜೊತೆಗೆ?" ಎಂದಳು ಕರಿಬಸಮ್ಮ.

"ಮೂರೂ ಜನ ಬರ್ರಿ."

"ಒಳಗೆ ಒಬ್ಬರನ್ನೇ ಬಿಡ್ತಾರಂತಲ್ಲ ಅಕ್ಕಾ?"

"ಒಬ್ಬಳು ಒಳಗೆ ಬರ್ರಿ, ಇನ್ನಿಬ್ಬರು ಹೊರಗೆ ಕೂತಿರ್ರಿ. ಅಲ್ಲೇ ಅದೀರಿ ಅಂತ ಗೊತ್ತಿದ್ರೆ ಸಾಕು." ಅವಳು ಮಣೆಯ ಅಂಚು ಹಿಡಿದುಕೊಂಡಳು. "ನಂಗೆ ಭಯ ಆಗ್ತೈತೆ ಕಣ್ರೇ."

ಹುಟ್ಟಿದಾಗಿನಿಂದ ಆ ಮಾತನ್ನು ಅವರು ಅಕ್ಕನ ಬಾಯಲ್ಲಿ ಕೇಳಿರಲಿಲ್ಲ. ಚೌಡಕ್ಕ ಚೊಂಬು ಕೆಳಗಿಟ್ಟು, ಸೀರೆ ನೆನೆಯುವುದನ್ನೂ ಲೆಕ್ಕಿಸದೆ, ಅಕ್ಕನ ಪಕ್ಕ ಹಸಿ ನೆಲದ ಮೇಲೆ ಕೂತುಕೊಂಡಳು.