ಒಳಗಿನ ಕಂಪ್ಯೂಟರಿಗೆ ಹೊರಗಿನ ಡ್ರೈವ್

ಇದ್ರಿಯಾ ಊರಿನ ಲೋಯ್ಜೆಗೆ ಗುಡಿಸುವ ಚಟ. ಮನೆ, ಅಂಗಳ ಮುಗಿದರೆ ಕಂಪ್ಯೂಟರನ್ನೂ ಬಿಡುತ್ತಿರಲಿಲ್ಲ. ಹೆಂಡತಿ ಮಾರ್ಯೆಟಾ ಲೇಸ್ ಹೆಣೆಯುವವಳು. ಅವಳು ಲೇಸಿನ ನಕ್ಷೆ ಬರೆಯುವ ಹಳೇ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲವೆಂದು ಪಕ್ಕದ ಮನೆಯ ಬ್ರೆಡಾ ಅದರೊಳಗೇ ಹಳೇ ಕಾಲದ ಇನ್ನೊಂದು ಕಂಪ್ಯೂಟರನ್ನು ಕೂರಿಸಿಕೊಟ್ಟಿದ್ದಳು. ಅದಕ್ಕೆ ವರ್ಚುವಲ್ ಮಷಿನ್ ಅನ್ನುತ್ತಾರೆ. ಮಾರ್ಯೆಟಾಳ ತೀರಿಹೋದ ತಾಯಿಯ ನಕ್ಷೆಗಳೆಲ್ಲ ಈಗ ಅದರಲ್ಲಿ ಮಾತ್ರ ಇದ್ದವು. ಕಾಗದದ ಮೇಲಿದ್ದವನ್ನು ಲೋಯ್ಜೆ ಕಸವೆಂದು ಒಲೆಗೆ ಹಾಕಿ ವರ್ಷವಾಗಿತ್ತು.

ಬ್ರೆಡಾ ಒಂದು ಯುಎಸ್‌ಬಿ ಡ್ರೈವ್ ತಂದಳು.

"ಇದರಲ್ಲಿ ನಕಲು ಇಟ್ಕೊಳ್ಳಿ."

"ಯಾಕಮ್ಮಾ ದಂಡ? ಒಳಗೇ ಮೂರು ನಕಲು ಮಾಡಿಟ್ಟಿದ್ದೀನಿ," ಎಂದ ಲೋಯ್ಜೆ.

"ಮನೆಗೆ ಬೆಂಕಿ ಬಿದ್ರೆ ಮೂರು ಪೆಟ್ಟಿಗೇಲಿಟ್ಟ ಬಟ್ಟೇನೂ ಸುಟ್ಟೋಗುತ್ತೆ, ಮಾರಾಯ."

ಲೋಯ್ಜೆ ಡ್ರೈವ್ ಚುಚ್ಚಿದ. ಒಳಗಿನ ಕಂಪ್ಯೂಟರಿನಲ್ಲಿ ಅದರ ಸುಳಿವೇ ಇಲ್ಲ.

"ನೋಡು, ನಿನ್ನ ಡ್ರೈವೇ ಕೆಟ್ಟಿದೆ."

"ಕೆಟ್ಟಿಲ್ಲ. ನೆಂಟ ಜಗಲೀಲಿ ಕೂತಿದ್ದಾನೆ, ಒಳಗೆ ಕರೀಬೇಕು. ಮೇಲಿನ ಪಟ್ಟೀಲಿ ಯುಎಸ್‌ಬಿ ಅಂತಿದೆಯಲ್ಲ, ಅಲ್ಲಿ ಡ್ರೈವಿನ ಹೆಸರು ಒತ್ತು. ನಕಲು ಮುಗಿದ್ಮೇಲೆ ಅಲ್ಲಿಂದ್ಲೇ ಬೀಳ್ಕೊಟ್ಟು ಆಮೇಲೆ ಕೀಳು."

"ಡ್ರೈವಿಗೂ ಉಪಚಾರವಾ," ಎಂದು ನಗುತ್ತ ಲೋಯ್ಜೆ ಜೇನುಗೂಡು ನೋಡಲು ಹೊರಟುಹೋದ.

ಭಾನುವಾರ ಕಂಪ್ಯೂಟರನ್ನು ಗುಡಿಸಲು ಕೂತ. ಗುರುತು ಪರಿಚಯವಿಲ್ಲದ ದಢೂತಿ ಫೈಲೊಂದು ಕಣ್ಣಿಗೆ ಬಿತ್ತು. ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಸ್ವಲ್ಪ ಹೊತ್ತಿಗೆ ನೋಡಿದರೆ ಒಳಗಿನ ಕಂಪ್ಯೂಟರೇ ಮಾಯ.

ಗಾಬರಿಯಿಂದ ಬ್ರೆಡಾಳನ್ನು ಕರೆತಂದ.

"ಆ ಫೈಲೇ ಕಣಯ್ಯಾ ಇಡೀ ಮಷಿನ್ನು," ಎಂದು ಅವಳು ಹಣೆ ಚಚ್ಚಿಕೊಂಡಳು. "ನಿನ್ನ ಮೂರು ನಕಲೂ ಅದರ ಹೊಟ್ಟೇಲೇ ಇದ್ವು."

ಲೋಯ್ಜೆ ಅಳತೊಡಗಿದ. ಅತ್ತೆಯ ಕಾಗದ ಸುಟ್ಟಿದ್ದಾಯಿತು, ಈಗ ಉಳಿದದ್ದಕ್ಕೂ ಎಳ್ಳುನೀರು ಬಿಟ್ಟಿದ್ದ. ನಾಚಿಕೆಯಿಂದ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಲಾಗಲಿಲ್ಲ.

"ಅಳಬೇಡ," ಎಂದಳು ಮಾರ್ಯೆಟಾ. "ನೀನು ಜೇನು ನೋಡೋಕೆ ಹೋದಾಗ ಬ್ರೆಡಾ ಹೇಳಿದ ಹಾಗೇ ಡ್ರೈವನ್ನ ಒಳಗೆ ಕರೆದೆ. ಅಮ್ಮನ ನಕ್ಷೆ ಒಂದೂ ಹೋಗಿಲ್ಲ. ಡ್ರೈವು ತಂಗಿ ಮನೇಲಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದನ್ನೂ ನೀನು ಗುಡಿಸಿಬಿಡ್ತಿದ್ದೆ."

ಬ್ರೆಡಾ ಹಳೇ ಮಷಿನ್ನನ್ನು ಮತ್ತೆ ಕೂರಿಸಿದಳು. ಲೋಯ್ಜೆ ಮರುದಿನವೇ ತಾನಾಗಿ ಎರಡನೇ ಡ್ರೈವ್ ಕೊಂಡುತಂದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ವರ್ಚುವಲ್ ಮಷಿನ್ನಿನೊಳಗೇ ಇಟ್ಟ ನಕಲು ನಕಲೇ ಅಲ್ಲ. ಇವತ್ತೇ ಡ್ರೈವ್ ಚುಚ್ಚಿ, ಒಳಗೆ ಕರೆಯಿರಿ, ನಕಲು ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬೇರೆ ಮನೆಯಲ್ಲಿಡಿ. ನಿಮ್ಮ ಮನೆಯವರು ತೀರಾ ಅಚ್ಚುಕಟ್ಟಾಗಿದ್ದರೆ ಬೇರೆ ಊರಿನಲ್ಲಿಡಿ.